ಟ್ವಿಸ್ಟ್ ಹಾಡನ್ನು ಯಾರೂ ಕದ್ದಿಲ್ಲ: ಒಂದು ಸ್ಪಷ್ಟನೆ

‘ಲೆಟ್ಸ್ ಟ್ವಿಸ್ಟ್ ಅಗೇನ್’ ಎಂಬ ಟ್ವಿಸ್ಟ್ ನೃತ್ಯದ ಹಾಡು ಫ್ರಾನ್ಸಿನ ಗಾಯಕ ಜಾನಿ ಹ್ಯಾಲಿಡೇ ಅವರದು, ಅಮೆರಿಕದವರು ಅದನ್ನು ಕದ್ದರು ಎಂಬ ಸಂದೇಶ ಕಲಬುರಗಿಯ ಸಂಗೀತಪ್ರಿಯರ ಮೊಬೈಲುಗಳಲ್ಲಿ ಸುತ್ತುತ್ತಿದೆ. ಇದು ತಲೆಕೆಳಗಾದ ಮಾತು. 1961ರಲ್ಲಿ ಅದನ್ನು ಮೊದಲು ಹಾಡಿದವರು ಅಮೆರಿಕದ ಚಬ್ಬಿ ಚೆಕರ್. ರಚಿಸಿದವರು ಕಾಲ್ ಮ್ಯಾನ್ ಮತ್ತು ಡೇವ್ ಆಪೆಲ್. ಹ್ಯಾಲಿಡೇ ಅದೇ ವರ್ಷ ಫ್ರೆಂಚ್ ಮಾತುಗಳಲ್ಲಿ ಹಾಡಿದರು.

ಹಾಗೆಂದು ಅವರನ್ನೂ ಕಳ್ಳರೆನ್ನಬೇಡಿ, ಅದು ಅನ್ಯಾಯ. ಆಗಿನ ಫ್ರಾನ್ಸಿನಲ್ಲಿ ವಿದೇಶಿ ಧಾಟಿಗೆ ತಮ್ಮ ಭಾಷೆಯ ಮಾತು ಕೂರಿಸಿ ಹಾಡುವುದು ರಾಕ್ ಅಂಡ್ ರೋಲ್ ಗಾಯಕರ ಬಹಿರಂಗ ರೂಢಿಯಾಗಿತ್ತು. ನಮ್ಮ ಭಜನೆಗಳಲ್ಲಿ ಒಂದೇ ಮಟ್ಟಿಗೆ ಎಷ್ಟು ಪದಗಳನ್ನು ಹಾಡುವುದಿಲ್ಲ!

‘ದಿ ಟ್ವಿಸ್ಟ್’ ಬೇರೆಯೇ ಹಾಡು. ಅದು ಹ್ಯಾಂಕ್ ಬ್ಯಾಲರ್ಡ್ ಅವರದು. ಚೆಕರ್ ಅದನ್ನು 1960ರಲ್ಲಿ ತಾವೂ ಹಾಡಿದರು. ದಯವಿಟ್ಟು ಎರಡನ್ನೂ ಬೆರೆಸಿ ಕಳುಹಿಸಬೇಡಿ.