ನೆಲಕ್ಕಿಡಬಾರದ ಬಾಟಲಿ

ಮಡಿಕೇರಿಯಿಂದ ತಲಕಾವೇರಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಅಂದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆ ಮಾತ್ರ ಒಂದು ಬಾಟಲಿ ತಂದುಕೊಟ್ಟರು. “ತೀರ್ಥ ತಗೊಂಡು ಬಾ. ದಾರೀಲಿ ಎಲ್ಲೂ ನೆಲಕ್ಕಿಡಬೇಡ ಕಣೋ.”

ಸೈಕಲ್ ತುಳಿಯುವವನಿಗೆ ಎಂಥ ಷರತ್ತು!

ಹೋದ ಕಥೆ ಬೇಡ. ಭಾಗಮಂಡಲದವರೆಗೆ ಮರ್ಯಾದೆಯಿಂದ ತುಳಿದೆ. ಅಲ್ಲಿಂದ ಮೇಲಿನ 8 ಕಿಲೋಮೀಟರಿನಲ್ಲಿ ತಳ್ಳಿದ್ದೇ ಜಾಸ್ತಿ. ಕಾರಿನವರೊಬ್ಬರು ಗಾಜು ಇಳಿಸಿ “ಬಸ್ ಇರ್ಲಿಲ್ವಾ?” ಅಂದರು. ಇತ್ತು ಸ್ವಾಮಿ, ನಿಮ್ಮ ಕಾರಿನ ಹಿಂದೆಯೇ ಹಾರ್ನ್ ಹೊಡೀತಾ ನಿಂತಿತ್ತು.

ಮೇಲೆ ಹೋಗಿ ನದಿ ಹುಡುಕಿದರೆ ಒಂದು ಪುಟ್ಟ ಕುಂಡಿಕೆ, ಅದರ ಮುಂದೊಂದು ಕೊಳ. ಸುಮಾರು 800 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿ ಸೇರುವವಳು ಇಲ್ಲಿ ಹರಿಯುವುದೇ ಕಾಣುವುದಿಲ್ಲ. ನೆಲದಡಿ ಇಳಿದು ಕೆಳಗೆಲ್ಲೋ ಹೊರಗೆ ಬರುತ್ತಾಳಂತೆ. ಅಕ್ಟೋಬರಿನ ತುಲಾ ಸಂಕ್ರಮಣದ ನೂಕುನುಗ್ಗಲು ಮುಗಿದಿತ್ತು. ಸೆಲ್ಫಿಯವರು ಮಾತ್ರ ಉಳಿದಿದ್ದರು. ಅವರ ಕೈಸಂದಿಯಲ್ಲಿ ನುಸುಳಿ ಬಾಟಲಿ ತುಂಬಿಸಿಕೊಂಡೆ.

ಚೀಲದಲ್ಲಿಟ್ಟರೆ ಮುಚ್ಚಳ ಸೋರಿ ಬೆನ್ನು ಒದ್ದೆ. ಟವೆಲ್ಲಿನಲ್ಲಿ ಸುತ್ತಿ ಹ್ಯಾಂಡಲ್ಲಿಗೆ ಕಟ್ಟಿದೆ. ಇಳಿಜಾರಿನ ಮೂರನೇ ತಿರುವಿನಲ್ಲಿ ಚೈನ್ ಕಳಚಿತು. ಸೈಕಲ್ ತಲೆಕೆಳಗು ಮಾಡದೆ ನನಗೆ ಚೈನ್ ಹಾಕಲು ಬರುವುದಿಲ್ಲ. ಈಗ ಬಾಟಲಿ ಎಲ್ಲಿಡುವುದು? ಅಗಸ್ತ್ಯರು ಕಮಂಡಲ ಕೆಳಗಿಟ್ಟರು, ಗಣಪತಿ ಕಾಗೆಯಾಗಿ ಬಂದು ಉರುಳಿಸಿದ, ಕಾವೇರಿ ಹರಿದೇ ಹೋದಳು. ಋಷಿಗಳ ಗತಿಯೇ ಹಾಗಾದ ಮೇಲೆ ಅತ್ತೆಯ ಮಾತು ಸುಮ್ನೆ ಅಲ್ಲ. ಕೊಂಬೆಗೆ ಕಟ್ಟೋಣವೆಂದರೆ ಮತ್ತೆ ಆ ಕಾಗೆಯದೇ ನೆನಪು. ಬಾಟಲಿಯನ್ನು ಕಂಕುಳಲ್ಲಿ ಅವುಚಿ, ಒಂದೇ ಕೈಯಲ್ಲಿ ಸೈಕಲ್ ಮಗುಚಲು ನೋಡಿದೆ. ಸೈಕಲ್ಲೇ ನನ್ನ ಕಾಲ ಮೇಲೆ ಮಗುಚಿಕೊಂಡಿತು.

ಅಷ್ಟರಲ್ಲಿ ಒಬ್ಬ ಹುಡುಗ ಬಂದ. “ಸ್ವಲ್ಪ ಹಿಡ್ಕೋ ಮರಿ” ಅಂತ ಕೊಟ್ಟೆ. ಮೊಣಕೈವರೆಗೆ ಗ್ರೀಸ್ ಮೆತ್ತಿಕೊಂಡು ಚೈನ್ ಕೂರಿಸಿ ತಲೆಯೆತ್ತಿದರೆ ಬಾಟಲಿ ಅರ್ಧ ಖಾಲಿ.

“ಬಾಯಾರಿತ್ತು ಅಣ್ಣಾ.”

ಬೈಯುವುದು ಹೇಗೆ? ತೀರ್ಥ ಇರುವುದೇ ಕುಡಿಯಲಿಕ್ಕೆ. ಆದರೂ ಅಷ್ಟೊಂದಾ? ರಸ್ತೆ ಪಕ್ಕದ ತೋಡಿನಲ್ಲಿ ನೀರು ಹರಿಯುತ್ತಿತ್ತು. ಅದೂ ಕೆಳಗಿಳಿದು ಕಾವೇರಿಯನ್ನೇ ಸೇರುವುದು, ಅಲ್ವಾ? ಆಚೀಚೆ ನೋಡಿ ತುಂಬಿಸಿಬಿಟ್ಟೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಬಾಟಲಿಯನ್ನು ಕಣ್ಣಿಗೊತ್ತಿಕೊಂಡು, ಒಂದು ಗುಟುಕು ಕುಡಿದು ಕೇಳಿದರು: “ನೆಲಕ್ಕಿಡಲಿಲ್ಲ ತಾನೇ?”

“ಇಲ್ಲ ಅತ್ತೆ, ಒಂದು ಸಲವೂ ಇಲ್ಲ” ಅಂದೆ. ಅದಂತೂ ನಿಜ.