ಉಬ್ಬರ ಇಳಿತ ನೋಡಿಕೊಂಡು ಹೊರಡಿ

ಸಿಂಗಾಪುರದಲ್ಲಿ ಒಂದೇ ದಿನದಲ್ಲಿ ನೋಡಬಹುದಾದ ನಿಸರ್ಗ ತಾಣಗಳ ಕುರಿತ ಈ ಲೇಖನ ಇಷ್ಟವಾಯಿತು. ಆದರೆ ಸುಂಗೈ ಬುಲೋ ಜೌಗು ಪ್ರದೇಶಕ್ಕೆ ಎರಡೇ ಸಾಲು ಸಿಕ್ಕಿದ್ದು ಬೇಸರ ತಂದಿತು. ಅಲ್ಲಿಗೆ ಹೊರಡುವ ಮುನ್ನ ಸಮುದ್ರದ ಉಬ್ಬರ ಇಳಿತದ ವೇಳೆಯನ್ನು ತಪ್ಪದೆ ನೋಡಿಕೊಳ್ಳಿ. ನೀರು ಇಳಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವಿನ ಕೆಸರಿನಲ್ಲಿ ಏಡಿಗಳು, ಈಜುರೆಕ್ಕೆ ಊರಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನುಗಳು ಕಾಣುತ್ತವೆ. ಉಬ್ಬರವೇರಿದಾಗ ಕೆಸರುಬಯಲು ಮುಳುಗಿ, ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ತಂಗುವ ವಲಸೆ ಹಕ್ಕಿಗಳು ಒಳಗಿನ ಕೊಳಗಳಿಗೆ ಬರುತ್ತವೆ. ಹಕ್ಕಿ ನೋಡಲೆಂದೇ ಕಟ್ಟಿದ ಮರೆಗಳಿಂದ ಅವು ಹತ್ತಿರದಲ್ಲೇ ಕಾಣಸಿಗುತ್ತವೆ. ಅಲ್ಲಿನ ಸೇತುವೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ಕೆಳಗೆ ಮರದ ದಿಮ್ಮಿಯೆಂದು ತೋರುವುದು ಉಪ್ಪುನೀರಿನ ಮೊಸಳೆಯೂ ಆಗಿರಬಹುದು! ಮಂಗಗಳಿಗೆ ಮಾತ್ರ ದಯವಿಟ್ಟು ತಿಂಡಿ ಕೊಡಬೇಡಿ, ಅಲ್ಲಿ ಅದು ಕಾನೂನುಬಾಹಿರ.