ಬರ್ತೀನಿ ಅಂದ್ರೂ ಬಿಡಲ್ಲ

ನಮ್ಮ ಕಡೆ ಯಾರ ಮನೆಯಿಂದ ಹೊರಟರೂ 'ಹೋಗ್ತೀನಿ' ಅನ್ನುವ ಹಾಗಿಲ್ಲ, 'ಬರ್ತೀನಿ' ಅನ್ನಬೇಕು. ಅಂದ ಮೇಲೂ ಗೇಟಿನ ಹತ್ತಿರ ಅರ್ಧ ಗಂಟೆ ನಿಲ್ಲಬೇಕು. ಬೆಂಗಳೂರಿನಲ್ಲಿ ಈ ಸಂಪ್ರದಾಯ ಹಾಳಾಯಿತು ಎಂದು ಕೊರಗುವವರು ಮಾರ್ಕೆಟಿಂಗ್ ಮೇಲ್ ಒಂದರ 'ಅನ್‌ಸಬ್‌ಸ್ಕ್ರೈಬ್' ಒತ್ತಿ ನೋಡಲಿ.

2019ರಲ್ಲಿ ಒಂದು ಹಾಸಿಗೆ ಕೊಂಡೆ. ಒಂದೇ ಒಂದು. ಹತ್ತು ವರ್ಷ ಗ್ಯಾರಂಟಿ ಅಂತ ಅವರೇ ಬರೆದುಕೊಟ್ಟಿದ್ದಾರೆ. ಆದರೂ ಪ್ರತಿ ಶುಕ್ರವಾರ ಮೇಲ್ ಬರುತ್ತದೆ, 'ಹೊಸ ಹಾಸಿಗೆಗೆ ಇದೇ ಸರಿಯಾದ ಸಮಯ!' ನಾನೇನು ಮೆಜೆಸ್ಟಿಕ್‌ನಲ್ಲಿ ಲಾಡ್ಜ್ ಇಟ್ಟಿದ್ದೀನಾ? ಜಯನಗರದ ಸೀರೆ ಅಂಗಡಿಯದ್ದು ಇನ್ನೊಂದು ಕಥೆ. ಬಿಲ್ ಹಾಕುವ ಹುಡುಗ 'ಮೇಲ್ ಐಡಿ ಹೇಳಿ ಸರ್, ಪಾಯಿಂಟ್ಸ್ ಬರುತ್ತೆ' ಅಂದ. ಹಿಂದೆ ಕ್ಯೂ ಇತ್ತು, ಹೇಳಿಬಿಟ್ಟೆ. ಪಾಯಿಂಟ್ಸ್ ಇವತ್ತಿಗೂ ಬಂದಿಲ್ಲ.

ಒಂದು ದಿನ ತಲೆಕೆಟ್ಟು ಈ ಸೀರೆ ಅಂಗಡಿಯ ಮೇಲ್ ಬಿಟ್ಟುಬಿಡೋಣ ಅಂತ ಕೂತೆ. ಆ ಲಿಂಕ್ ಮೇಲ್‌ನ ಕಟ್ಟಕಡೆಯಲ್ಲಿ, ರಾಗಿ ಕಾಳಿನಷ್ಟು ಅಕ್ಷರದಲ್ಲಿ, ಬೂದಿ ಬಣ್ಣದಲ್ಲಿತ್ತು. ಕನ್ನಡಕ ಹಾಕಿ, ಫೋನನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಒತ್ತಿದೆ. 'ಯಾಕೆ ಹೋಗ್ತಿದ್ದೀರಿ?' ಎಂದು ಐದು ಕಾರಣ ಮುಂದಿಟ್ಟರು. ನಾನು ಕೆಲಸ ಬಿಟ್ಟಾಗ ಎಚ್‌ಆರ್‌ನವರೂ ಇಷ್ಟು ಕೇಳಿರಲಿಲ್ಲ. ಆಮೇಲೆ ಎರಡು ಬಟನ್. ದಪ್ಪಗೆ, ಹಸಿರಾಗಿ 'ಇಲ್ಲೇ ಇರ್ತೀನಿ'. ಅದರ ಕೆಳಗೆ ಸಣ್ಣದಾಗಿ, 'ಬೇಡ, ನನಗೆ ದುಡ್ಡು ಉಳಿಸೋದು ಇಷ್ಟ ಇಲ್ಲ'. ಚೌಕಾಸಿ ಮಾಡಿ ಸುಮ್ನೆ ಹೊರಟರೆ ಸಿಟಿ ಮಾರ್ಕೆಟ್‌ನ ಹೂವಿನಮ್ಮನೂ ಬೈಯುತ್ತಾಳೆ. ಆದರೆ ಆ ಬೈಗುಳವನ್ನು ನನ್ನ ಬಾಯಲ್ಲೇ ಹೇಳಿಸುವುದಿಲ್ಲ.

ಇದಕ್ಕೆ 'ಕನ್‌ಫರ್ಮ್ ಶೇಮಿಂಗ್' ಅಂತ ಹೆಸರು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾಡಬಾರದೆಂದು ಪಟ್ಟಿ ಮಾಡಿದ 13 'ಡಾರ್ಕ್ ಪ್ಯಾಟರ್ನ್'ಗಳಲ್ಲಿ, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ಯಾಮಾರಿಸುವ ತಂತ್ರಗಳಲ್ಲಿ, ಇದೂ ಒಂದು. 'ಇಲ್ಲಿ ಮೂತ್ರ ಮಾಡಬಾರದು' ಅಂತ ಗೋಡೆ ಮೇಲೆ ಬರೆದಿರುತ್ತಾರಲ್ಲ, ಪಟ್ಟಿಯೂ ಅಷ್ಟೇ ಕೆಲಸ ಮಾಡುತ್ತಿದೆ.

ಕೊನೆಗೆ ಒಪ್ಪಿಕೊಂಡರು. ಆದರೆ '10 ಕೆಲಸದ ದಿನ ಹಿಡಿಯಬಹುದು' ಅಂದರು. ಅಮೆರಿಕದ 2003ರ ಸ್ಪ್ಯಾಮ್ ಕಾನೂನು ಕಂಪನಿಗಳಿಗೆ ಕೊಟ್ಟಿರುವ ಗಡುವೂ ಅಷ್ಟೇ. ಕೊತ್ತಂಬರಿ ಸೊಪ್ಪು 10 ನಿಮಿಷಕ್ಕೆ ಬಾಗಿಲಿಗೆ ಬರುವ ಊರಿನಲ್ಲಿ ಒಂದು ಹೆಸರು ಹೊಡೆದು ಹಾಕೋದಕ್ಕೆ 10 ದಿನ!

2024ರಲ್ಲಿ ಜಿಮೇಲ್‌ನವರು ನಿಯಮ ಬಿಗಿ ಮಾಡಿದರು. ದಿನಕ್ಕೆ 5000ಕ್ಕಿಂತ ಜಾಸ್ತಿ ಮೇಲ್ ಕಳಿಸುವವರು ಒಂದೇ ಒತ್ತಿಗೆ ನಮ್ಮನ್ನು ಬಿಟ್ಟುಬಿಡಬೇಕು, ಅದೂ ಎರಡು ದಿನದೊಳಗೆ. ಈಗ ಬಟನ್ ಮೇಲ್ಗಡೆಯೇ, ಕಣ್ಣೆದುರೇ ಇದೆ. ಇಷ್ಟು ದಿನ ಅವರು ಬಿಡುತ್ತಿಲ್ಲ ಅಂತ ಬೈಯುತ್ತಿದ್ದೆ. ಈಗ ನೋಡಿದರೆ ನನಗೇ ಕೈ ಬರುತ್ತಿಲ್ಲ.

ಹೇಗೋ ಗಟ್ಟಿ ಮನಸ್ಸು ಮಾಡಿ ಒಂದು ಭಾನುವಾರ 31 ಕಡೆಯಿಂದ ಹೊರಗೆ ಬಂದೆ. ಆ ವಾರ ಕಳೆದು ಮುಂದಿನ ಸೋಮವಾರ ಬೆಳಿಗ್ಗೆ ಇನ್‌ಬಾಕ್ಸ್‌ನಲ್ಲಿ ಕರೆಂಟ್ ಬಿಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ಎರಡೇ. ಮಧ್ಯಾಹ್ನ ನೋಡಿದೆ, ಅವೇ ಎರಡು. 'ನೀವಿಲ್ಲದೆ ಬೇಜಾರು' ಅನ್ನಲು ಒಂದು ಚಪ್ಪಲಿ ಅಂಗಡಿಯೂ ಇಲ್ಲ. ಹಾಸಿಗೆಯವರನ್ನು ಮಾತ್ರ ಬಿಟ್ಟಿರಲಿಲ್ಲ. ರಾತ್ರಿ 12 ಹೊಡೆದ ತಕ್ಷಣ ಹುಟ್ಟುಹಬ್ಬಕ್ಕೆ ಶುಭಾಶಯ ಹೇಳುವವರು ಅವರೊಬ್ಬರೇ. ಮನೆಯವಳಿಗೆ ನೆನಪಾಗುವುದು ಸಂಜೆ, ಅವಳಣ್ಣ ಫೋನ್ ಮಾಡಿದ ಮೇಲೆ.

ಮಹಡಿ ಮನೆಯ ರಿಟೈರ್ಡ್ ಮೇಷ್ಟ್ರಿಗೂ ಆ ಬಟನ್ ತೋರಿಸಿದೆ.

"ಛೆ, ಎಷ್ಟು ಮರ್ಯಾದೆಯಿಂದ ಬರೀತಾರೆ ಕಣಯ್ಯಾ. ನಾನು ಎಲ್ಲದಕ್ಕೂ ಉತ್ತರ ಬರೀತೀನಿ" ಅಂದರು. ಫೋನ್ ನನ್ನ ಕೈಗೆ ಕೊಟ್ಟರು. 'ತಮ್ಮ ಪತ್ರ ತಲುಪಿತು. ನಾವೆಲ್ಲ ಕ್ಷೇಮ. ಸದ್ಯಕ್ಕೆ ಶೂ ಬೇಡ.' ಹೀಗೆ ಸಾಲುಸಾಲು. ಎಲ್ಲವೂ 'ಉತ್ತರ ಬರೆಯಬೇಡಿ' ಅನ್ನುವ ನೋ-ರಿಪ್ಲೈ ವಿಳಾಸಕ್ಕೆ ಹೋಗಿ ವಾಪಸ್ ಬಂದಿದ್ದವು.

"ಈ ನೋ-ರಿಪ್ಲೈ ಅನ್ನೋ ಹುಡುಗ ಎಲ್ಲಾ ಕಂಪನಿಯಲ್ಲೂ ಇದಾನೆ ನೋಡು" ಅಂದರು ಮೇಷ್ಟ್ರು. "ಅದೇನೋ ಮೂನ್‌ಲೈಟಿಂಗ್ ಅಂತಾರಲ್ಲ, ಒಂದು ಕೆಲಸದಲ್ಲಿದ್ದುಕೊಂಡೇ ಇನ್ನೊಂದು ಕಡೆ ದುಡಿಯೋದು, ಅದೇ ಇರಬೇಕು. ಪಾಪ, ಎಷ್ಟು ಇಎಂಐ ಇದೆಯೋ."